ಇದ್ದಿಲ ಗೆರೆ

ಮೊನ್ನೆ ಗುಂಡ್ಲುಪೇಟೆಯಲ್ಲಿ ಯಾರೋ ಹಳೇ ಮನೆಯ ಗೋಡೆಗೆ ಸುಣ್ಣದ ಗಾರೆ ಕಲಸುತ್ತಿದ್ದರು. ಬೆಲ್ಲ, ಅಳಲೆಕಾಯಿ ನೆನೆದ ನೀರಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ತಲೆ ಮುಚ್ಚಿಕೊಂಡಿತು...

ಅದು ಗಾರೆ ಮೇಸ್ತ್ರಿಯ ವಾಸನೆ. ಹರವೆ ಕಡೆಯವರು. ನಮ್ಮ ಹಳೆಯ ಚರ್ಚಿನ ದುರಸ್ತಿಗೆ ಫಾದರ್ ಅವರನ್ನು ಕರೆಸಿದ್ದರು. ಚಾಮರಾಜನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ನಾನು ಆಗ ಆ ಚರ್ಚಿನ ಮೇಲೆ ಪುಸ್ತಕ ಬರೆಯುತ್ತಿದ್ದೆ. ಮುಂಗೋಡೆಯ ನೆತ್ತಿಯಲ್ಲಿ ಸುರುಳಿಗಳು, ಪೀಠದ ಎರಡೂ ಪಕ್ಕ ಹಗ್ಗದಂತೆ ತಿರುಚಿದ ಕಂಬಗಳು, ಕಮಾನು ಚಾವಣಿಯ ತುಂಬ ಗಾರೆಯ ದೇವದೂತರು... ಯುರೋಪಿನ ಈ ಬರೋಕ್ ಶೈಲಿಯೆಂದರೆ ಏನೆಂದು ಊರಿನಲ್ಲಿ ಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ.

ಒಂದು ದಿನ ಆ ಕಂಬಗಳು ಕಲ್ಲಿನವೆಂದು ಫಾದರ್‌ಗೆ ವಿವರಿಸುತ್ತಿದ್ದೆ. ಮೇಸ್ತ್ರಿ ಬೆರಳ ಗೆಣ್ಣಿನಿಂದ ಕಂಬ ಕುಟ್ಟಿ ನಕ್ಕರು.

"ಎಲ್ಲದೆ ಕಲ್ಲು ಮೇಷ್ಟ್ರೇ? ಇಟ್ಗೆ ಮ್ಯಾಲೆ ಗಾರೆ ತಿರುವವ್ರೆ. ನಮ್ಮಜ್ಜನ ಅಜ್ಜನ ಕೈ ಕೆಲ್ಸ ಇದು."

ಚರ್ಚಿನ ದಫ್ತರಗಳನ್ನೆಲ್ಲ ಜಾಲಾಡಿದರೂ ಕಟ್ಟಿದವರು ಯಾರೆಂದು ನನಗೆ ಸಿಕ್ಕಿರಲಿಲ್ಲ. ಅಂದಿನಿಂದ ಫಾದರ್ ಪ್ರತಿಯೊಂದನ್ನೂ ಅವರನ್ನೇ ಕೇಳತೊಡಗಿದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಚಾವಣಿಯನ್ನು ಕುಟ್ಟಿ, ಸದ್ದು ಕೇಳಿ, ಗಾರೆ ಪೊಳ್ಳಾಗಿದ್ದರೆ ಮೇಸ್ತ್ರಿ ಅದರ ನೇರ ಕೆಳಗೆ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಗೆರೆಯೊಳಗೆ ಯಾರೂ ಕಾಲಿಡುವಂತಿರಲಿಲ್ಲ. ಪೀಠದ ಮುಂದಿನ ಗೆರೆ ನನ್ನ ಫೋಟೋವನ್ನು ಕೆಡಿಸುತ್ತಿತ್ತು. ಇಷ್ಟು ವರ್ಷ ಬೀಳದ ದೇವದೂತ ಇವರು ಹೇಳಿದರೆಂದು ಬೀಳುತ್ತಾನೆಯೇ? ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿ, ಅಲ್ಲೇ ನಿಂತು ಕ್ಯಾಮೆರಾ ಎತ್ತಿದೆ.

"ಈಚೆಗ್ ಬನ್ನಿ ಮೇಷ್ಟ್ರೇ!"

ಮೇಲೆ ಚಟ್ಟೆಂಬ ಸದ್ದು, ಮೇಸ್ತ್ರಿ ನನ್ನನ್ನು ನೂಕಿದ್ದು, ಬಿಳಿ ದೂಳು... ಈಗಲೂ ಕಣ್ಣು ಮುಚ್ಚಿದರೆ ಇದೇ ಕ್ರಮದಲ್ಲಿ ಬರುತ್ತದೆ. ದೂಳು ಇಳಿದಾಗ ದೇವದೂತನ ರೆಕ್ಕೆ ಅವರ ಬಲಗೈ ಮೇಲೆ ಬಿದ್ದಿತ್ತು.

ಓಡಿ ಬಂದ ಫಾದರ್, "ಇಲ್ಲಿ ಗೆರೆ ಇರಲಿಲ್ಲವಾ?" ಎಂದರು.

ಮೇಸ್ತ್ರಿ ನನ್ನ ಕಾಲ ಬಳಿಯಿದ್ದ, ಇದ್ದಿಲ ಮಸಿ ಹತ್ತಿದ ಬಟ್ಟೆಯನ್ನು ನೋಡಿದರು. "ನಾನೇ ಎಳ್ಯೋದ್ ಮರ್ತ್ಬುಟ್ಟೆ ಫಾದರ್," ಎಂದರು.

ನಾನು ಬಾಯಿ ಬಿಡಲಿಲ್ಲ. ಹೇಳಲು ನಾಚಿಕೆ, ಆ ಗಳಿಗೆಯಲ್ಲೂ ನನಗಾದದ್ದು ಹೊಟ್ಟೆಕಿಚ್ಚೇ. ಅಷ್ಟು ಸಲೀಸಾಗಿ ದೊಡ್ಡವರಾಗಿಬಿಟ್ಟರಲ್ಲ ಎಂದು.

ಆ ಕೈ ಮತ್ತೆ ಗಾರೆ ಕುಟ್ಟಲಿಲ್ಲ. ನನ್ನ ಪುಸ್ತಕ ಬಂತು. ಅದರಲ್ಲಿ, ಕಂಬಗಳನ್ನು ಕಟ್ಟಿದವರು ಯಾರೆಂಬಲ್ಲಿ, 'ತಿಳಿದುಬಂದಿಲ್ಲ' ಎಂದೇ ಬರೆದೆ. ಅದನ್ನು ತಿದ್ದುವ ಮನಸ್ಸು ಬರುವಷ್ಟರಲ್ಲಿ ಮೇಸ್ತ್ರಿ ತೀರಿಕೊಂಡಿದ್ದರು.

ಮೊನ್ನೆ ಗುಂಡ್ಲುಪೇಟೆಯ ಆ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ನಿಂತೆ. ಗಟ್ಟಿಯೋ ಪೊಳ್ಳೋ, ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅವರಿಲ್ಲ.