ಮಾಸ್ತರ ಬಿಟ್ಟ ಸ್ವರ

ಕೌಜಲಗಿಯ ಪೇಟಿ ಮಾಸ್ತರ ಸತ್ತು ವರ್ಷವಾಯಿತು. ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಅವನಿಗೆ ಹಾರ್ಮೋನಿಯಂ ಪೇಟಿಯ ಮೇಲೆ ಬೆರಳಿಡುವುದನ್ನು ಕಲಿಸಿದವನೇ ನಾನು. ಕುರಿ ಕಾಯುತ್ತಿದ್ದವನು ಭಜನೆಗೆ ಕೂತರೆ ಜನ ಹಾಡುವವರನ್ನು ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು. ಗೋಕಾಕದಲ್ಲಿ ಪೇಟಿ ರಿಪೇರಿಯ ಅಂಗಡಿ ಇಟ್ಟು, ಸಂಗೀತದ ಪರೀಕ್ಷೆಯನ್ನೂ ಪಾಸು ಮಾಡಿದ್ದ ನನ್ನನ್ನು ಕೇಳುವವರಿರಲಿಲ್ಲ.

ಒಂದು ದಿನ ತನ್ನ ಪೇಟಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ನಡುವಿನ ಒಂದು ಬಿಳಿ ಕೀಯನ್ನು ಒತ್ತಿದರೆ ಸ್ವರವಿಲ್ಲ, ಬರೀ ಗಾಳಿ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡು ಮುರಿದಿತ್ತು.

“ಇದೊಂದ್ ಹಾಕಿ ಕೊಡ್ರಿ ಗುರುಗಳ. ಅಮಾಸಿ ಭಜನಿ ಐತಿ.”

“ಸಿಗೂದಿಲ್ಲೊ ತಮ್ಮಾ. ಇಂಥಾ ರೀಡ್ ಬರೂದ ಬಂದ್ ಆಗೇತಿ,” ಎಂದೆ.

ಅದೇ ಅಳತೆಯ ರೀಡು ನನ್ನ ಮುಂದಿನ ಡಬ್ಬಿಯಲ್ಲೇ ಇತ್ತು, ಮುಚ್ಚಳವೂ ತೆರೆದಿತ್ತು. ಅವನು ಒಮ್ಮೆ ಡಬ್ಬಿಯ ಕಡೆ ನೋಡಿ, “ಹೂಂರಿ” ಎಂದು ಪೇಟಿ ಎತ್ತಿಕೊಂಡು ಹೊರಟ.

ನಾಲ್ಕು ಜನರೆದುರು ಅವನ ಮುಖಭಂಗವಾಗುವುದನ್ನು ನೋಡಲೆಂದೇ ಅಮಾವಾಸ್ಯೆಗೆ ಕೌಜಲಗಿಗೆ ಹೋದೆ. ಆಗಲಿಲ್ಲ. ಆ ಸ್ವರ ಬಂದಲ್ಲೆಲ್ಲ ಅವನು ಬೆರಳೆತ್ತಿ ಕ್ಷಣ ತಡೆದು, ಮುಂದಿನ ಸ್ವರಕ್ಕೆ ಜಿಗಿದ. ತಬಲಾದವನು ಭಲೇ ಎಂದ. ನನಗೆ ಮೈಯೆಲ್ಲ ಉರಿ.

ಅವನು ಮತ್ತೆಂದೂ ಆ ರೀಡು ಕೇಳಲಿಲ್ಲ. ಈಗ ಮೇಲವಂಕಿ, ತುಕ್ಕಾನಟ್ಟಿ, ಎಲ್ಲಿಯ ಭಜನೆಗೆ ಹೋದರೂ ಅದೇ ಜಿಗಿತ. ಪೇಟಿ ಸರಿಯಿದ್ದರೂ ನುಡಿಸುವವರು ಆ ಸ್ವರಕ್ಕೆ ಬಂದು ಬೆರಳೆತ್ತುತ್ತಾರೆ. ಹುಕ್ಕೇರಿಯವನೊಬ್ಬ ಹೊಸ ಪೇಟಿಯ ಆ ಕೀಗೆ ಸ್ವರ ಬರದಂತೆ ಕಾಗದ ತುರುಕಿಕೊಂಡಿದ್ದಾನೆ! ಮೊಬೈಲಿನ ವಿಡಿಯೋಗಳಲ್ಲಿ ಅದಕ್ಕೆ ‘ಮಾಸ್ತರ ನಡಿಗಿ’ ಎಂದು ಹೆಸರು ಬೇರೆ.

ಮೊನ್ನೆ ಅವನ ವರ್ಷದ ಭಜನೆ. ಗುರು ಎಂದು ಮೊದಲು ನನ್ನನ್ನೇ ಕೂರಿಸಿದರು. ಅವನ ಮೆಚ್ಚಿನ ಪದವನ್ನು ಒಂದು ಸ್ವರವನ್ನೂ ಬಿಡದೆ ನುಡಿಸಿದೆ. ಇವತ್ತಾದರೂ ಗೊತ್ತಾಗಲಿ, ಪೇಟಿ ಅಂದರೆ ಏನೆಂದು. ಯಾರೂ ತಲೆದೂಗಲಿಲ್ಲ.

ಮುಗಿದ ಮೇಲೆ ಅವನ ಶಿಷ್ಯನೊಬ್ಬ ನನ್ನ ಕಾಲು ಮುಟ್ಟಿ, ಸಂಕೋಚದಿಂದ ಕೇಳಿದ: “ಅಜ್ಜಾರ, ನಡುವಿನ ಸ್ವರ ಯಾಕ ಬಿಡಲಿಲ್ರಿ? ಅದನ್ನ ಬಿಡೂದ ಗೋಕಾಕದ ಗುರುಗಳ ಕಲಿಸ್ಯಾರ ಅಂತಿದ್ರು ಮಾಸ್ತರ.”

ಅಂದರೆ ಅವನು ಆವತ್ತೇ ಡಬ್ಬಿಯೊಳಗಿನ ರೀಡನ್ನು ಕಂಡಿದ್ದ. ಕಂಡೂ, ಕೊಡಲಿಲ್ಲ ಎನ್ನದೆ, ಕಲಿಸಿದರೆಂದು ಊರೂರಲ್ಲಿ ನನ್ನ ಹೆಸರು ಹೇಳಿದ್ದ. ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿಯೇ ಹೋದ, ಹಾಳಾದವನು.