ಇಪುಯಿಯ ಅಗಲ ಕತ್ತಿನ ಸೀಸೆಗಳು

ನೈಲ್ ದಂಡೆಯ ಅರಮನೆಯ ಊರಿನಲ್ಲಿ ಇಪುಯಿಯಂಥ ಗಾಜಿನ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಸಗಣಿ ಬೆರೆಸಿದ ಜೇಡಿಮಣ್ಣಿನ ಉಂಡೆಯನ್ನು ಸಲಾಕಿಯ ತುದಿಗೆ ಮೆತ್ತಿ, ಅದಕ್ಕೆ ಕಾದ ನೀಲಿ ಗಾಜನ್ನು ಸುತ್ತಿ, ಮೇಲೆ ಹಳದಿ ಎಳೆ, ಬಿಳಿ ಎಳೆ ಓಡಿಸಿ ಸೂಜಿಮೊನೆಯಿಂದ ಹಾಗೊಮ್ಮೆ ಹೀಗೊಮ್ಮೆ ಎಳೆದನೆಂದರೆ ರಾಣೀವಾಸದ ಸುಗಂಧತೈಲದ ಸೀಸೆಯ ಮೈತುಂಬ ಅಲೆಗಳೇಳುತ್ತಿದ್ದವು. ಕುಲುಮೆಯ ಮುಂದೆ ಹುಬ್ಬು ಸುಟ್ಟುಕೊಂಡೂ ಹಾಡುತ್ತಿದ್ದ ಆಸಾಮಿ. ಹೆಂಗಸರ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ತಲೆ ನರೆಯತೊಡಗಿದರೂ ಮದುವೆಯಾಗಿರಲಿಲ್ಲ.

ಸೀಸೆ ತಣಿದ ಮೇಲೆ ಒಳಗಿನ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕು. ಆ ಕೆಲಸಕ್ಕೆ ತಮಿತ್ ಎಂಬ ವಿಧವೆ ಬಂದಳು. ಬಾಯಿ ಜೋರು, ನಗು ಇನ್ನೂ ಜೋರು. ಬಂದ ಹೊಸದರಲ್ಲೇ ಅವಳ ಕೈಯಲ್ಲಿ ಒಂದು ಸೀಸೆಯ ಕತ್ತು ಮುರಿಯಿತು.

"ಇನ್ನೊಂದು ಮುರಿದ್ಯೋ, ಸೀದಾ ಮನೆ ದಾರಿ ಹಿಡೀಬೇಕು, ನೋಡು!" ಎಂದು ಮೇಸ್ತ್ರಿ ಮಿನ್‌ನಖ್ತ್ ಗದರಿದ.

ಕುಲುಮೆಯ ಮುಂದಿದ್ದ ಇಪುಯಿಗೆ ಅದು ಕೇಳಿಸಿತು. ಮಾರನೆಯ ದಿನದಿಂದ ಅವನ ಸೀಸೆಗಳ ಕತ್ತು ಅಗಲವಾಗತೊಡಗಿತು. ತಮಿತಳ ಕಡ್ಡಿ ಸಲೀಸಾಗಿ ಓಡಾಡಿತು. ಅವಳು ನಕ್ಕಾಗಲೆಲ್ಲ ಕತ್ತು ಇನ್ನಷ್ಟು ಅಗಲವಾಯಿತು. ಕೊನೆಗೊಂದು ಸೀಸೆಯೊಳಗೆ ಮುಷ್ಟಿಯೇ ತೂರುವಂತಾಯಿತು. ಮಿನ್‌ನಖ್ತ್ ಎಣಿಕೆಯನ್ನಷ್ಟೇ ನೋಡಿ ಎಲ್ಲವನ್ನೂ ಅರಮನೆಗೆ ಕಳಿಸಿದ.

ನೆರೆ ಇಳಿಯುವ ಹೊತ್ತಿಗೆ ಅರಮನೆಯಿಂದ ಸೀಸೆಗಳು ವಾಪಸು ಬಂದವು. ಮಿನ್‌ನಖ್ತ್ ಕೆಂಡವಾಗಿದ್ದ.

"ಏನೋ ಇದು, ಸೀಸೆನೋ ಗಂಜಿ ಮಡಿಕೆನೋ? ಪರಿಮಳವೆಲ್ಲ ಹಾರೋಗಿ, ಎಣ್ಣೇಲಿ ನೊಣ ಈಜಾಡ್ತಿದ್ಯಂತೆ! ರಾಣೀವಾಸದವರು ನನ್ನ ಮಾನ ಹರಾಜು ಹಾಕಿದ್ರು."

"ಅದು... ಯಜಮಾನ್ರೇ... ಹೊಸ ನಮೂನೆ," ಎಂದು ಇಪುಯಿ ತೊದಲಿದ. ಅವನ ಕಣ್ಣು ಮಾತ್ರ ತಮಿತಳ ಕಡೆಗೇ ಓಡಿತು. ಕುಲುಮೆಯವರೆಲ್ಲ ಕಿಸಕ್ಕನೆ ನಕ್ಕರು. ಅವರಿಗೆಲ್ಲ ಎಂದೋ ಗೊತ್ತಾಗಿತ್ತು.

ತಮಿತ್ ಕಡ್ಡಿ ಕೆಳಗಿಟ್ಟು ಎದ್ದಳು. "ನನಗೋಸ್ಕರ ಮಾಡಿದ್ಯಾ?"

ಇಪುಯಿ ಹೂಂ ಎನ್ನುವಂತೆ ತಲೆಯಾಡಿಸಿದ.

"ಅಯ್ಯೋ ದಡ್ಡ! ನನ್ನ ಕೈ ಅಷ್ಟೊಂದು ಒರಟು ಅಂದ್ಕೊಂಡ್ಯಾ? ಅವತ್ತು ನೀನು ಹಾಡ್ತಾ ಇದ್ದೆ, ನಾನು ನಿನ್ನನ್ನೇ ನೋಡ್ತಾ ಕೂತೆ. ಕತ್ತು ಮುರೀತು. ನಾಳೆಯಿಂದ ಸಣ್ಣ ಕತ್ತೇ ಮಾಡು. ಹೇಳೋದೇನಾದ್ರೂ ಇದ್ರೆ ಬಾಯಿಬಿಟ್ಟು ಹೇಳು."

"ನಮ್ಮನೆಗೆ... ಬಂದ್ಬಿಡ್ತೀಯಾ?"

"ಇಷ್ಟು ಕೇಳೋಕೆ ಅರಮನೆ ಎಣ್ಣೆಯೆಲ್ಲಾ ಹಾಳು ಮಾಡ್ಬೇಕಿತ್ತಾ?" ಎಂದಳು ತಮಿತ್. ಮಿನ್‌ನಖ್ತ್ ಕೂಡ ಸಿಟ್ಟು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕ.

ಸುಗ್ಗಿಗೆ ಮುಂಚೆಯೇ ತಮಿತ್ ತನ್ನ ಚಾಪೆಯನ್ನೂ ಬಾತುಕೋಳಿಗಳನ್ನೂ ಕಟ್ಟಿಕೊಂಡು ಇಪುಯಿಯ ಮನೆ ಸೇರಿದಳು; ಆ ಊರಲ್ಲಿ ಮದುವೆಯೆಂದರೆ ಅಷ್ಟೇ. ಅವಳ ಬೀಸುವ ಕಲ್ಲನ್ನು ಹೊತ್ತು ಹಿಂದೆ ಹಿಂದೆ ಇಪುಯಿ ಏದುಸಿರು ಬಿಡುತ್ತ ನಡೆದ. ಬೀದಿಯವರು ಬಾಗಿಲಲ್ಲಿ ನಿಂತು ಚುಡಾಯಿಸಿದರು. ಅಂದು ಕುಲುಮೆಯವರಿಗೆಲ್ಲ ಅಲ್ಲೇ ಒಣಮೀನು, ಈರುಳ್ಳಿ, ಬಿಸಿ ರೊಟ್ಟಿ, ಬಿಯರಿನ ಊಟ. ಬಾತುಕೋಳಿಗಳು ಅಂಗಳವನ್ನು ತಮ್ಮದೇ ಎನ್ನುವಂತೆ ಆಕ್ರಮಿಸಿದ್ದವು. ಕೂರಲು ಜಾಗವಿಲ್ಲದೆ ಮದುಮಗ ಹೊಸ್ತಿಲ ಮೇಲೆ ಕುಳಿತು ಉಂಡ.