ವಟ್ಟದಲ್ಲಿ ಹೋದ ಎಮ್ಮೆ

ನಮ್ಮಪ್ಪ ಗದಗಿನಿಂದ ಸೀರೆ, ಖಣ ತಂದು ಕುಷ್ಟಗಿ, ಯಲಬುರ್ಗಾದ ಸಂತೆಗಳಲ್ಲಿ ಮಾರುತ್ತಿದ್ದ. ಗದಗು ಇಂಗ್ಲಿಷರದು, ನಮ್ಮ ಕೊಪ್ಪಳ ನಿಜಾಮರದು. ನಿಜಾಮರ ರೂಪಾಯಿಯನ್ನು ಗದಗಿನ ಅಂಗಡಿಕಾರ ಮುಟ್ಟುತ್ತಿರಲಿಲ್ಲ, ಅವನಿಗೆ ಇಂಗ್ಲಿಷರ ಕಲ್ದಾರ ರೂಪಾಯಿಯೇ ಆಗಬೇಕು. ಹೀಗಾಗಿ ಹೊರಡುವ ಮುಂಚೆ ಅಪ್ಪ ನಮ್ಮ ಓಣಿಯ ಸಾಹುಕಾರನ ಹತ್ತಿರ ರೊಕ್ಕ ಬದಲಿಸಿಕೊಳ್ಳುತ್ತಿದ್ದ. ಅದಕ್ಕೆ ಸಾಹುಕಾರ ರೂಪಾಯಿಗೆ ಇಷ್ಟು ಚಿಲ್ಲರೆ ಅಂತ ವಟ್ಟ ಹಿಡಿಯುತ್ತಿದ್ದ. ಅದರಲ್ಲಿ ಮೋಸವೇನೂ ಇರಲಿಲ್ಲ.

ಗೋಳು ಇದ್ದದ್ದು ನಮ್ಮಪ್ಪನ ಹಟದಲ್ಲಿ. ಅಗ್ಗದ ಮಾಲು ಎಲ್ಲಿ ಸಿಕ್ಕೀತೋ ಎಂದು ಬಂಡವಾಳವನ್ನೆಲ್ಲ ಒಯ್ಯುತ್ತಿದ್ದ, ಬಹುಪಾಲು ಹಾಗೇ ವಾಪಸು ತರುತ್ತಿದ್ದ. ತಂದದ್ದನ್ನು ನೆಟ್ಟಗೆ ಮನೆಗೆ ತರಬಾರದೆ? ಇಲ್ಲ! ಮೊದಲು ಸಾಹುಕಾರನಿಗೆ ಮತ್ತೆ ವಟ್ಟ ಕೊಟ್ಟು ನಿಜಾಮರ ರೂಪಾಯಿ ಮಾಡಿಸಬೇಕು. ಯಾಕೆಂದರೆ ನಮ್ಮಲ್ಲಿ ರೊಕ್ಕ ಇಡುವುದು ದೇವರ ಜಗಲಿಯ ಮೇಲೆ, ನಿಜಾಮರ ರೂಪಾಯಿಯ ಮೇಲೆ ಬರೀ ಚಾರ್ಮಿನಾರು, ಕಲ್ದಾರದ ಮೇಲೋ ಇಂಗ್ಲಿಷ್ ರಾಜನ ಮುಖ.

"ಪರದೇಶಿ ರಾಜನ ಮಾರಿ ಜಗಲಿ ಮ್ಯಾಲ ಇಟ್ಟು ಕುಂಕುಮ ಹಚ್ಚಲೇನು?" ಎನ್ನುತ್ತಿದ್ದ. ಮುಂದಿನ ವಾರ ಅದೇ ರೊಕ್ಕ ಮತ್ತೆ ಕಲ್ದಾರ!

ಆಗ ನನ್ನ ಪುಟ್ಟ ತಂಗಿ ಜ್ವರದಿಂದೆದ್ದು ಎಲುಬು ಚಕ್ಕಳವಾಗಿದ್ದಳು. ಹಾಲು ಬಿಟ್ಟರೆ ಅವಳಿಗೆ ಏನೂ ಒಗ್ಗುತ್ತಿರಲಿಲ್ಲ. ಒಂದು ಎಮ್ಮೆ ಕಟ್ಟೋಣವೆಂದು ಅವ್ವ ದಿನಾ ಗೋಗರೆಯುತ್ತಿದ್ದಳು.

"ಬಂಡವಾಳ ಮುರಿಯಾಕ ಬರೂದಿಲ್ಲ. ಲಾಭ ಅಂತೂ ಕೈಯಾಗ ನಿಲ್ಲವಲ್ದು. ಎಲ್ಲಿಂದ ತರ್ಲಿ?" ಎಂದು ಅಪ್ಪ ತಲೆ ಹಿಡಿದು ಕೂರುತ್ತಿದ್ದ. ಪಾಪ, ಅವನಿಗೂ ಕೂಸಿನ ಮೇಲೆ ಜೀವವೇ.

ಒಂದು ದಿನ ಅವ್ವ ಹಾಲು ಕೇಳಲು ಸಾಹುಕಾರನ ಮನೆಗೆ ಹೋದಳು, ಬೆನ್ನಿಗೆ ನಾನು. ಹಿತ್ತಲಲ್ಲಿ ಹೊಸ ಎಮ್ಮೆ ನಿಂತಿತ್ತು.

"ಭಾಳ ಛಲೋ ಐತ್ರಿ. ಯಾವಾಗ ತಂದ್ರಿ?" ಅಂದಳು ಅವ್ವ.

ಸಾಹುಕಾರನ ಹೆಂಡತಿ ಮುಚ್ಚುಮರೆ ಅರಿಯದ ಹೆಂಗಸು. ಚರಿಗೆಗೆ ಹಾಲು ಸುರಿಯುತ್ತಲೇ ಹೇಳಿದಳು: "ಹೋದ ವಾರ ತಂದಾರವ್ವ. ನಿಮ್ಮ ಮನಿಯವರು ಹೋಗೂಮುಂದ ಒಮ್ಮಿ, ಬರೂಮುಂದ ಒಮ್ಮಿ ವಟ್ಟ ಕೊಡ್ತಾರಲ್ಲ, ಅದನ್ನ ಬ್ಯಾರೆ ಗಡಿಗ್ಯಾಗ ಹಾಕ್ತಿದ್ವಿ. ವರ್ಷ ತುಂಬೂದರಾಗ ಎಮ್ಮಿ ಬಂತು ನೋಡು."

ಅವ್ವನ ಮುಖ ಬಿಳಿಚಿತು. ಆ ಹೆಂಗಸಿನ ಮೇಲೆ ಸಿಟ್ಟಾಗುವುದಾದರೂ ಹೇಗೆ? ಹಾಲಿಗೆ ಒಂದು ಕಾಸೂ ತೆಗೆದುಕೊಂಡಿರಲಿಲ್ಲ.

ಮನೆಗೆ ಬಂದವಳೇ ಅಪ್ಪನ ಮುಂದೆ ಚರಿಗೆ ಕುಕ್ಕಿದಳು. "ನಮ್ಮ ಎಮ್ಮಿ ಅವರ ಹಿತ್ತಲದಾಗ ನಿಂತೈತ್ರಿ! ನೀವ ಕಟ್ಟಿ ಬಂದೀರಿ. ಆ ರೊಕ್ಕ ಜಗಲಿ ಮ್ಯಾಲ ಬ್ಯಾಡಂದ್ರ ಜ್ವಾಳದ ಗಡಿಗ್ಯಾಗ ಇಡ್ರಿ. ಈ ಕೂಸಿನಕಿಂತ ಹೆಚ್ಚಿಂದೇನ್ರಿ ನಿಮ್ಮ ಮಡಿ?"

ಊರಿಗೆಲ್ಲ ಬಾಯಿ ಮಾಡುತ್ತಿದ್ದ ಮನುಷ್ಯ ಮುಂದಿನ ವಾರ ಗದಗಿನ ರೈಲಿಳಿದು ಸ್ಟೇಷನ್ನಿನಿಂದ ನೇರ ಮನೆಗೆ ಬಂದ. ಕಲ್ದಾರದ ಗಂಟನ್ನು ಜೋಳದೊಳಗೆ ಹುಗಿದು, ಜಗಲಿಯ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡ. ನನಗೆ ನಗು ತಡೆಯಲಾಗಲಿಲ್ಲ.

ಮುಂದಿನ ದೀಪಾವಳಿಯ ಹೊತ್ತಿಗೆ ನಮ್ಮ ಹಿತ್ತಲಿಗೂ ಎಮ್ಮೆ ಬಂತು. ಅಲ್ಲಿಯವರೆಗೂ ಸಾಹುಕಾರನ ಹೆಂಡತಿ, ಬರುವ ವಟ್ಟ ಕಡಿಮೆಯಾದದ್ದು ಗೊತ್ತಿದ್ದೂ, ತಂಗಿಗೆ ದಿನಕ್ಕೊಂದು ಬಟ್ಟಲು ಹಾಲು ಕಳಿಸಿದಳು. ದಿನಾ ಆ ಬಟ್ಟಲು ತೀರಿದ ಮೇಲೆ ಇನ್ನೂ ಬೇಕೆಂದು ತಂಗಿ ಬರಿದು ಬಟ್ಟಲು ಹಿಡಿದು ಅಳುತ್ತಿದ್ದಳು.

ಎಮ್ಮೆ ಬಂದ ದಿನ ಅಪ್ಪ ತಾನೇ ಹಾಲು ಆರಿಸಿ ಕುಡಿಸಿದ. ತಂಗಿ ಬಟ್ಟಲು ಬರಿದು ಮಾಡಿ, ಹೆದರುತ್ತ ಹೆದರುತ್ತ "ಅಪ್ಪಾ, ಇನ್ನೊಂಚೂರು?" ಅಂದಳು. ಕೊಡಲು ಇನ್ನೂ ಇತ್ತು. ತರಲು ಎದ್ದ ಅಪ್ಪ ಅಡಿಗೆಮನೆಯ ಬಾಗಿಲಲ್ಲೇ ನಿಂತು ಅತ್ತುಬಿಟ್ಟ.